ಕಾಲು ನೋವೆಂದು ಎಣ್ಣೆ ತಿಕ್ಕುವ ಮೊದಲು

ಕಾಲು ಸೆಳೆಯುತ್ತದೆ ಎಂದರೆ ಸಾಕು, ನಮ್ಮ ಮನೆಗಳಲ್ಲಿ ಎಣ್ಣೆಯ ಬಟ್ಟಲು ಹೊರಗೆ ಬರುತ್ತದೆ. ತಿಕ್ಕಿಸಿಕೊಂಡು, ಬಿಸಿನೀರು ಹೊಯ್ದುಕೊಂಡು, ‘ವಯಸ್ಸಾಯಿತಲ್ಲ’ ಎಂದು ಮಲಗಿಬಿಡುತ್ತೀರಿ. ಹಾಗೆ ಮಾಡಬೇಡಿ. ಎಲ್ಲ ಕಾಲುನೋವೂ ಮೂಳೆಯದಲ್ಲ, ವಾಯುವಿನದೂ ಅಲ್ಲ, ಕೆಲವು ರಕ್ತನಾಳದ್ದು. ಅದರಲ್ಲೂ ಎರಡು ಬಗೆ. ಕಾಲಿಗೆ ಇಳಿದ ರಕ್ತ ಮೇಲೇರದೆ ನಿಲ್ಲುವುದು ಒಂದು, ಕಾಲಿಗೆ ರಕ್ತವೇ ಸಾಲದೆ ಹೋಗುವುದು ಇನ್ನೊಂದು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೇಡು ಮಾಡುತ್ತದೆ. ಆದ್ದರಿಂದ ಯಾವುದೆಂದು ತಿಳಿಯದೆ ಮನೆಮದ್ದಿಗೆ ಕೈ ಹಾಕಬಾರದು.

ಮೊದಲನೆಯದನ್ನು ನೀವು ನೋಡಿಯೇ ಇರುತ್ತೀರಿ. ಹೋಟೆಲಿನ ಅಡುಗೆಯವರು, ಕಂಡಕ್ಟರು, ಟ್ರಾಫಿಕ್ ಪೊಲೀಸರು, ಮೇಷ್ಟ್ರು, ಹೀಗೆ ನಿಂತೇ ದುಡಿಯುವವರ ಮೀನಖಂಡದ ಮೇಲೆ ನಾಳಗಳು ನೀಲಿಯಾಗಿ ಸುರುಳಿ ಸುತ್ತಿ ಉಬ್ಬಿರುತ್ತವೆ. ಇದೇ ವೆರಿಕೋಸ್ ವೇನ್ಸ್. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅದು ಮತ್ತೆ ಕೆಳಗೆ ಜಾರದಂತೆ ಅಭಿಧಮನಿಗಳೊಳಗೆ ಪುಟ್ಟ ಕವಾಟಗಳಿವೆ. ಕವಾಟ ಸೋತರೆ ರಕ್ತ ಅಲ್ಲೇ ನಿಂತು ನಾಳ ಹಿಗ್ಗುತ್ತದೆ. ಇದು ವಂಶದಲ್ಲೇ ಬಂದಿರಬಹುದು, ಬಸಿರಿನಲ್ಲಿ ಶುರುವಾಗಿರಬಹುದು, ಮೈತೂಕದಿಂದಲೂ ಹೆಚ್ಚಬಹುದು.

ನೋವು ಅಷ್ಟಿಲ್ಲವೆಂದು ವರ್ಷಗಟ್ಟಲೆ ಸೀರೆಯೊಳಗೆ, ಪ್ಯಾಂಟಿನೊಳಗೆ ಮುಚ್ಚಿಟ್ಟುಕೊಳ್ಳುತ್ತೀರಲ್ಲ, ಅದೇ ತಪ್ಪು. ಮೊದಲು ಸಂಜೆಯ ಹೊತ್ತಿಗೆ ಕಾಲು ಭಾರ, ಪಾದದಲ್ಲಿ ಬಾವು. ಆಮೇಲೆ ಒಳಗಿನ ಗಿಣ್ಣಿನ ಮೇಲೆ ತುರಿಕೆ. ನಂತರ ಅಲ್ಲಿನ ಚರ್ಮ ಕಂದಾಗಿ ಗಡುಸಾಗುತ್ತದೆ. ಆ ಜಾಗದಲ್ಲಿ ಸಣ್ಣದಾಗಿ ಕೆರೆದು ಹುಣ್ಣಾದರೂ ತಿಂಗಳುಗಟ್ಟಲೆ ಮಾಯುವುದಿಲ್ಲ. ಚರ್ಮ ಕಂದಾದದ್ದು ಕಂಡಾಗಲೇ ಡಾಕ್ಟರ ಹತ್ತಿರ ಹೋಗಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ನಾಳದಲ್ಲಿ ರಕ್ತದ ಹರಿವು ನೋಡಲು ಡಾಕ್ಟರು ಬರೆದುಕೊಡುವ ಡಾಪ್ಲರ್ ಸ್ಕ್ಯಾನಿಗೆ ಹೆದರಬೇಡಿ, ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ. ಚರ್ಮದ ಮೇಲೆ ಜೇಡರ ಬಲೆಯಷ್ಟು ಸಣ್ಣ ಗೆರೆಗಳಷ್ಟೇ ಇದ್ದರೆ ಆಪರೇಷನ್ ಬೇಕಾಗಿಲ್ಲ, ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬರನ್ನು ಕೇಳಿ. ಬಿಗಿ ಕಾಲುಚೀಲ ಕೊಟ್ಟಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಿಕೊಳ್ಳಿ. ಬಾವು ಬಂದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ. ಬೀರುವಿನಲ್ಲಿಟ್ಟರೆ ಏನೂ ಪ್ರಯೋಜನವಿಲ್ಲ. ಕಾಲು ಮೇಲಿಡಿ ಎಂದರೆ ಸ್ಟೂಲಿನ ಮೇಲಿಟ್ಟು ಕೂರುವುದಲ್ಲ. ಮಲಗಿ, ಎದೆಮಟ್ಟಕ್ಕಿಂತ ಎತ್ತರಕ್ಕೆ ದಿಂಬಿಡಿ.

‘ನಾಳವನ್ನೇ ಮುಚ್ಚಿಬಿಟ್ಟರೆ ರಕ್ತ ಹೋಗುವುದೆಲ್ಲಿಂದ?’ ಎಂದು ಆಪರೇಷನ್ನಿಗೆ ಹಿಂಜರಿಯುವವರು ಬಹಳ. ಕಾಲಿನ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲೇ ಮೇಲೇರುತ್ತದೆ. ಚರ್ಮದಡಿಯ ನಾಳದ್ದು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಸ್ಕ್ಯಾನಿನಲ್ಲಿ ಆಳದ ನಾಳ ಚೆನ್ನಾಗಿದೆಯೇ? ಈ ಆಪರೇಷನ್ ಹೊಸದೂ ಅಲ್ಲ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1890ರಲ್ಲಿ ತೊಡೆಯ ಬಳಿ ನಾಳ ಕಟ್ಟುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಈಗ ಹೆಚ್ಚಿನವರಿಗೆ ಮೊಣಕಾಲಿನ ಹತ್ತಿರ ಸೂಜಿಯಷ್ಟೇ ತೂತು. ಅಲ್ಲಿಂದ ತೆಳು ತಂತು ತೂರಿಸಿ ಲೇಸರ್ ಅಥವಾ ರೇಡಿಯೊ ಫ್ರೀಕ್ವೆನ್ಸಿಯ ಶಾಖದಿಂದ ಒಳಗಿನಿಂದಲೇ ನಾಳ ಮುಚ್ಚುತ್ತಾರೆ. ಅದೇ ದಿನ ನಡೆಸುತ್ತಾರೆ. ನಡೆಯಿರಿ, ‘ಆಪರೇಷನ್ ಆಗಿದೆ’ ಎಂದು ಮಂಚ ಹಿಡಿಯಬೇಡಿ. ಕೂತರೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಮತ್ತೊಂದು ನಾಳ ಮುಂದೆ ಉಬ್ಬಬಹುದು, ಆಗ ವೈದ್ಯರನ್ನು ಬೈಯಬೇಡಿ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗಿ ಮೇಲೆ ಹಗ್ಗ ಬಿಗಿಯಬೇಡಿ. ಮಲಗಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ.

ಎರಡನೆಯದು, ಅಂದರೆ ಕಾಲಿಗೆ ರಕ್ತವೇ ಸಾಲದ ಬಗೆ, ಇದಕ್ಕಿಂತ ಕೆಟ್ಟದ್ದು, ಅದರ ಮುಖ್ಯ ಕಾರಣ ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ. ಅಪಧಮನಿಯ ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ. ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ಈ ಲೆಕ್ಕವನ್ನು ಗಮನಿಸಿ ಡಾಕ್ಟರಿಗೆ ಹೇಳಿ. ಮುಂದುವರಿದರೆ ರಾತ್ರಿ ಬೆರಳುಗಳು ಉರಿಯುತ್ತವೆ, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಸಮಾಧಾನ. ಕಾಲೆತ್ತಿದರೆ ಹಿತವಾಗುವುದು ಮೊದಲ ಬಗೆಗೆ, ಇಳಿಬಿಟ್ಟರೆ ಹಿತವಾಗುವುದು ಎರಡನೆಯದಕ್ಕೆ. ಇಂಥ ಕಾಲಿಗೆ ಬಿಗಿ ಚೀಲ, ಬಿಸಿನೀರಿನ ಚೀಲ ಎರಡೂ ಬೇಡ. ಸ್ಪರ್ಶವಿಲ್ಲದ ಪಾದ ಸುಟ್ಟರೂ ನಿಮಗೆ ತಿಳಿಯುವುದಿಲ್ಲ.

ತೋಳಿನಲ್ಲೂ ಗಿಣ್ಣಿನಲ್ಲೂ ರಕ್ತದೊತ್ತಡ ನೋಡಿ ಹೋಲಿಸಿದಾಗ ಗಿಣ್ಣಿನದು ತೋಳಿನದರ 0.9 ಪಾಲಿಗಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆ ಎಂದರ್ಥ. ಆಗ ಮಾತ್ರೆ, ದಿನವೂ ನಡಿಗೆ, ಬೇಕಾದರೆ ಬಲೂನ್ ಹಾಕಿ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ, ಅಥವಾ ನಿಮ್ಮದೇ ಕಾಲಿನ ಅಭಿಧಮನಿ ಬಳಸಿ ಬೈಪಾಸ್. ಆಂಜಿಯೋಪ್ಲಾಸ್ಟಿ ಎಂದರೆ ಹೃದಯದ್ದು ಎಂದುಕೊಂಡಿದ್ದೀರಿ ತಾನೇ? ಅದು ಶುರುವಾದದ್ದೇ ಕಾಲಿನಿಂದ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಚಾರ್ಲ್ಸ್ ಡಾಟರ್ ಎಂಬ ವೈದ್ಯರು ಕೊಳವೆಗಳಿಂದ ಹಿಗ್ಗಿಸಿ ಆ ಕಾಲನ್ನು ಉಳಿಸಿದರು. ಆದರೆ ಬೈಪಾಸ್ ಮಾಡಿಸಿಕೊಂಡು ಬೀಡಿ ಹಚ್ಚಿದರೆ ಹೊಸ ನಾಳವೂ ಮುಚ್ಚುತ್ತದೆ. ‘ದಿನಕ್ಕೆ ಒಂದೇ’ ಎನ್ನಬೇಡಿ, ಒಂದೂ ಬೇಡ. ಸಕ್ಕರೆ ಇರುವವರು ಬರಿಗಾಲಲ್ಲಿ ಓಡಾಡಬೇಡಿ, ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ, ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಬೆರಳು ಕಪ್ಪಾದ ಮೇಲೆ ಓಡಿ ಬರುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಮೀನಖಂಡ ಒಂದೇ ಕಾಲಿನಲ್ಲಿ ದಿಢೀರನೆ ಊದಿ ನೋಯುತ್ತಿದ್ದರೆ, ಅದರಲ್ಲೂ ದೂರ ಪ್ರಯಾಣ, ಹೆರಿಗೆ ಅಥವಾ ಆಪರೇಷನ್ ಆದ ಮೇಲೆ, ಮುಟ್ಟಿ ತಿಕ್ಕಬೇಡಿ. ಒಳಗೆ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇನ್ನು ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ತಾಳಲಾರದ ನೋವು ಬಂದರೆ ನಿಮ್ಮ ಕೈಯಲ್ಲಿರುವುದು ಸುಮಾರು ಆರು ಗಂಟೆ. ಬೆಳಗಾಗಲಿ ಎಂದು ಕಾಯಬೇಡಿ. ನಾಳದ ಆಪರೇಷನ್ ಮಾಡುವ ವ್ಯಾಸ್ಕುಲರ್ ಸರ್ಜನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಖರ್ಚಿನ ಚಿಂತೆಯಿದ್ದರೆ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ನಿಮ್ಮ ಚಿಕಿತ್ಸೆ ಯೋಜನೆಯಲ್ಲಿದೆಯೇ ಎಂದು ಕೇಳಿ, ಅಲ್ಲಿಂದಲೇ ರೆಫರಲ್ ಪತ್ರ ಬರೆಸಿಕೊಳ್ಳಿ. ತುರ್ತಾದರೆ ಮಾತ್ರ ಕಾಗದ ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ.