ಆಕಾಶಮಾರ್ಗದ ಅಂಜಿಕೆ

ನ್ಯಾಮತಿಯ ಸೋದರಿಗೆ,

ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೊರಟಿರುವ ತಮಗೆ ವಿಮಾನವನ್ನು ನೆನೆದೊಡನೆ ಅಂಗೈ ಬೆವರಿ ಎದೆ ಡವಗುಟ್ಟುವುದು ಹೇಡಿತನವಲ್ಲ. ಅಪರಿಚಿತವಾದುದರ ಮುಂದೆ ದೇಹವು ಆತ್ಮರಕ್ಷಣೆಗಾಗಿ ಎಬ್ಬಿಸುವ ಸಹಜ ಕೋಲಾಹಲವದು. ಹೊನ್ನಾಳಿಯಿಂದ ಚನ್ನಗಿರಿಗೆ ಹೋಗುವ ಬಸ್ಸು ಹಳ್ಳದಿಣ್ಣೆಗಳಲ್ಲಿ ಕುಲುಕಿದ ಮಾತ್ರಕ್ಕೆ ಹೇಗೆ ಮಗುಚಿಬೀಳದೋ, ಹಾಗೆಯೇ ಗಾಳಿಯ ಏರಿಳಿತಗಳಲ್ಲಿ ವಿಮಾನವು ಅಲುಗಿದ ಮಾತ್ರಕ್ಕೆ ಉರುಳದು. ಅದರ ರೆಕ್ಕೆಗಳನ್ನು ಬಾಗಿ ತಾಳಿಕೊಳ್ಳುವಂತೆಯೇ ನಿರ್ಮಿಸಿರುತ್ತಾರೆ. ಕುಲುಕಾಟ ಕಡಿಮೆಯೆನಿಸುವ, ರೆಕ್ಕೆಯ ಸಮೀಪದ ಸೀಟನ್ನು ಕೇಳಿ ಪಡೆಯಿರಿ. ಬೆಲ್ಟನ್ನು ಬಿಗಿದುಕೊಂಡು, ನಾಲ್ಕು ಎಣಿಸುವವರೆಗೆ ಉಸಿರನ್ನೆಳೆದು, ಆರು ಎಣಿಸುತ್ತ ಮೆಲ್ಲನೆ ಬಿಡಿರಿ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನವು ಬಂದಿಳಿದ ಶಿವಮೊಗ್ಗದ ಸೋಗಾನೆಯ ನಿಲ್ದಾಣವು ತಮಗೆ ದೂರವಲ್ಲವಾದುದರಿಂದ, ದೀರ್ಘಯಾನಕ್ಕೆ ಮುನ್ನ ಅಲ್ಲಿಂದ ಒಂದು ಕಿರುಪಯಣವನ್ನು ಮಾಡಿ ನೋಡಿರಿ. ಆಗಲೂ ಭಯವು ಅಡಗದಿದ್ದರೆ, ಸಂಕೋಚಪಡದೆ ಮನೋವೈದ್ಯರನ್ನು ಕಾಣಿರಿ.