ಮಕ್ಕಳ ಮೂತ್ರಕೋಶ: ಎಷ್ಟು ತುಂಬುತ್ತದೆ, ಎಷ್ಟು ಉಳಿಯುತ್ತದೆ?

ಕೆರೆಯಲ್ಲಿ ಎಷ್ಟು ನೀರಿದೆ, ತೂಬು ಸರಿಯಾಗಿದೆಯೇ ಎಂದು ನೋಡಿಯೇ ನಾವು ಬೆಳೆಯ ಲೆಕ್ಕ ಹಾಕುತ್ತೇವೆ. ಮಗುವಿನ ಮೂತ್ರಕೋಶವೂ ಒಂದು ಪುಟ್ಟ ಕೆರೆಯೇ. ಎರಡು ಮೂತ್ರಪಿಂಡಗಳಿಂದ ಇಳಿದು ಬರುವ ಮೂತ್ರ ಅಲ್ಲಿ ಸೇರಿ, ಆಗಾಗ ಪೂರ್ತಿ ಖಾಲಿಯಾಗಬೇಕು. ಪ್ರತಿ ಸಲವೂ ಒಂದಿಷ್ಟು ಉಳಿದರೆ ಅದರಲ್ಲಿ ಸೋಂಕು ಬೆಳೆಯುತ್ತದೆ. ತೂಬು ಕಟ್ಟಿಕೊಂಡಾಗ ನೀರು ಹಿಂದಕ್ಕೆ ಏರುವಂತೆ, ಕೆಲವು ಮಕ್ಕಳಲ್ಲಿ ಮೂತ್ರ ಮೂತ್ರಪಿಂಡದ ಕಡೆಗೇ ಹಿಂದಿರುಗುತ್ತದೆ. ಇದರಿಂದ ಮೂತ್ರಪಿಂಡದಲ್ಲಿ ಆಗುವ ಕಲೆ ಮುಂದೆ ಅಳಿಯುವುದಿಲ್ಲ. ಆದುದರಿಂದ ಮೊದಲೇ ತಿಳಿಯುವುದು ಮುಖ್ಯ.

ಯಾವ ಮಕ್ಕಳನ್ನು ತೋರಿಸಬೇಕು?

1. ಮೂತ್ರದ ಉರಿ, ಜ್ವರ ಮತ್ತೆ ಮತ್ತೆ ಬರುವವರು.
2. ಐದು ವರ್ಷ ದಾಟಿದರೂ ಹಗಲಿನಲ್ಲಿ ಬಟ್ಟೆ ಒದ್ದೆ ಮಾಡಿಕೊಳ್ಳುವವರು.
3. ಮುಕ್ಕಿ ಮುಕ್ಕಿ ಹೊಯ್ಯುವವರು, ಧಾರೆ ಸಣ್ಣಗಿರುವವರು, ಹನಿಹನಿಯಾಗಿ ಹೋಗುವವರು. ಗಂಡುಮಗುವಿನಲ್ಲಿ ಇದು ಹುಟ್ಟಿನಿಂದಲೇ ಇರುವ ತಡೆಯ ಗುರುತಾಗಿರಬಹುದು.
4. ಬೆನ್ನುಮೂಳೆಯ ದೋಷದೊಂದಿಗೆ ಹುಟ್ಟಿದವರು.

ರಾತ್ರಿ ಮಾತ್ರ ಹಾಸಿಗೆ ಒದ್ದೆಯಾಗಿ, ಬೇರಾವ ತೊಂದರೆಯೂ ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ.

ಅಳೆಯುವುದು ಹೇಗೆ?

ಸ್ಕ್ಯಾನ್ ಎಂದರೆ ಗರ್ಭಿಣಿಯರಿಗೆ ಮಾತ್ರ ಎಂದು ಭಾವಿಸಬಾರದು. ಅಲ್ಟ್ರಾಸೌಂಡ್ ಯಂತ್ರದಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದಲೇ ಅದು ಒಳಗಿನ ಚಿತ್ರ ತೋರಿಸುತ್ತದೆ. ಸೂಜಿ ಇಲ್ಲ, ನೋವಿಲ್ಲ. ಹೊಕ್ಕುಳ ಕೆಳಗೆ ತಣ್ಣನೆಯ ಲೇಪ ಹಚ್ಚಿ ನೋಡುತ್ತಾರೆ.

ಚೌಕ ಹೊಂಡದ ನೀರು ತಿಳಿಯಲು ಉದ್ದ, ಅಗಲ, ಆಳ ಗುಣಿಸುತ್ತೇವೆ. ಮೂತ್ರಕೋಶ ಮೊಟ್ಟೆಯಂತೆ ದುಂಡಗಿರುವುದರಿಂದ ಆ ಗುಣಲಬ್ಧವನ್ನು 0.52ರಿಂದ ಮತ್ತೆ ಗುಣಿಸುತ್ತಾರೆ. ಉದಾಹರಣೆಗೆ, ಉದ್ದ 8, ಅಗಲ 7, ಆಳ 8 ಸೆಂ.ಮೀ. ಇದ್ದರೆ ಸುಮಾರು 233 ಮಿ.ಲೀ.

ವಯಸ್ಸಿಗೆ ತಕ್ಕ ಅಳತೆಗೆ ಸುಲಭ ಲೆಕ್ಕವಿದೆ: ಮಗುವಿನ ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿ. ಏಳು ವರ್ಷದ ಮಗುವಿಗೆ 240 ಮಿ.ಲೀ. ಅಂದರೆ ಮೇಲಿನ ಅಳತೆ ಆ ವಯಸ್ಸಿಗೆ ಸರಿಯಾಗಿಯೇ ಇದೆ. ಈ ಲೆಕ್ಕ ಸುಮಾರು ಹನ್ನೆರಡು ವರ್ಷದವರೆಗೆ; ಹಸುಳೆಗಳಿಗೆ ಬೇರೆ ಲೆಕ್ಕವಿದೆ.

ಎರಡನೇ ಅಳತೆಯನ್ನು ಮರೆಯಬೇಡಿ

ಮಗು ಮೂತ್ರ ಮಾಡಿ ಬಂದ ಕೂಡಲೇ, ಐದು ನಿಮಿಷದೊಳಗೆ, ಮತ್ತೊಮ್ಮೆ ಅಳೆಯಬೇಕು. ತಡವಾದರೆ ಹೊಸ ಮೂತ್ರ ಇಳಿದು ಲೆಕ್ಕ ತಪ್ಪುತ್ತದೆ. ಅದೇ ಏಳು ವರ್ಷದ ಮಗುವಿನಲ್ಲಿ ಈಗ 5, 4, 4 ಸೆಂ.ಮೀ. ಕಂಡರೆ ಸುಮಾರು 42 ಮಿ.ಲೀ. ಉಳಿದಿದೆ ಎಂದರ್ಥ. ಏಳರಿಂದ ಹನ್ನೆರಡು ವರ್ಷದವರಲ್ಲಿ 20 ಮಿ.ಲೀ.ಗಿಂತ ಹೆಚ್ಚು ಉಳಿದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೋಡಬೇಕು. ಒಂದೇ ಅಳತೆಯಿಂದ ಗಾಬರಿ ಬೇಡ. ಮಗುವಿಗೆ ಬಹಳ ನೀರು ಕುಡಿಸಿ, ಸರದಿಯಲ್ಲಿ ತಾಸುಗಟ್ಟಲೆ ತಡೆದುಕೊಳ್ಳುವಂತೆ ಮಾಡಿದರೆ ಆರೋಗ್ಯವಂತ ಮಗುವಿನಲ್ಲೂ ಉಳಿಕೆ ಕಾಣಬಹುದು. ಅವಸರವಾದ ಕೂಡಲೇ ಸ್ಕ್ಯಾನ್ ಮಾಡುವವರಿಗೆ ತಿಳಿಸಿ. ಮಗು ಹೆದರದೆ, ಆತುರವಿಲ್ಲದೆ ಮೂತ್ರ ಮಾಡಲಿ.

ಮನೆಯಲ್ಲಿ ಮಾಡಬೇಕಾದದ್ದು

ಆಸ್ಪತ್ರೆಗೆ ಹೋಗುವ ಮುನ್ನ ಎರಡು ದಿನ ಅಳತೆಯ ಲೋಟದಲ್ಲಿ ಮೂತ್ರ ಹಿಡಿದು, ಹೊತ್ತು ಮತ್ತು ಮಿ.ಲೀ. ಬರೆದಿಡಿ. ವೈದ್ಯರಿಗೆ ಇದು ಬಹಳ ಉಪಯೋಗ. ಹಗಲಿನಲ್ಲಿ ಎರಡು ಮೂರು ತಾಸಿಗೊಮ್ಮೆ ಮಗುವನ್ನು ಕಳುಹಿಸಿ. ಮಲಬದ್ಧತೆ ಇದ್ದರೆ ಗಟ್ಟಿ ಮಲ ಮೂತ್ರಕೋಶವನ್ನು ಒತ್ತುತ್ತದೆ. ಆದ್ದರಿಂದ ಸೊಪ್ಪು, ಹಣ್ಣು, ರಾಗಿ, ಸಾಕಷ್ಟು ನೀರು ಕೊಡಿ. ಬೈಯುವುದು, ಹೊಡೆಯುವುದು ಬೇಡ. ಹೆದರಿದ ಮಗು ಇನ್ನೂ ಬಿಗಿಹಿಡಿಯುತ್ತದೆ.

ಶಾಲೆಯ ಕಕ್ಕಸು ಚೊಕ್ಕಟವಿಲ್ಲವೆಂದು ಹೆಣ್ಣುಮಕ್ಕಳು ಸಂಜೆಯವರೆಗೆ ತಡೆದುಕೊಳ್ಳುವುದುಂಟು. ಒಂದು ವರ್ಷ ದಾಟಿದ ಮೇಲೆ ಮೂತ್ರದ ಸೋಂಕು ಅವರಲ್ಲೇ ಹೆಚ್ಚು. ಹೆಣ್ಣು ಶಿಶುಗಳನ್ನು ಉಳಿಸಲು 1992ರಲ್ಲಿ ತೊಟ್ಟಿಲು ಮಗು ಯೋಜನೆ ಆರಂಭವಾದದ್ದು ನಮ್ಮ ಸೇಲಂನಲ್ಲಿ. ಉಳಿದ ಮಗು ಆರೋಗ್ಯದಿಂದ ಬೆಳೆಯಬೇಕಾದರೆ, ಹುಡುಗಿಯ ಪರೀಕ್ಷೆಯನ್ನು ಕೊಯ್ಲು ಮುಗಿಯಲಿ ಎಂದು ಮುಂದೂಡಬಾರದು.

ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಅಲ್ಟ್ರಾಸೌಂಡ್ ಇದೆ. ಮೊದಲು ಮಕ್ಕಳ ವೈದ್ಯರನ್ನು ಕಾಣಿರಿ. ಸ್ಕ್ಯಾನ್ ಚೀಟಿ ಕೈಗೆ ಬಂದಾಗ ಎರಡು ಅಂಕಿಗಳಿವೆಯೇ ನೋಡಿ: ತುಂಬಿದಾಗ ಎಷ್ಟು, ಖಾಲಿಯಾದ ಮೇಲೆ ಎಷ್ಟು. ಎರಡನೆಯದು ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.