ಒಂದೇ ಪಾತ್ರೆಯ ಪಥ್ಯ: ಕರಾವಳಿಯ ಸರಳ ಅಡುಗೆ, ಮನೆಯಲ್ಲೇ ಕೇಕು-ಬಿಸ್ಕತ್ತು



ಆಸ್ಪತ್ರೆಯಿಂದ ಬಿಡುಗಡೆಯ ಚೀಟಿ ಕೈಗೆ ಬಂದ ದಿನ ಮಾತ್ರೆಗಳ ಬಗ್ಗೆ ಎಲ್ಲರೂ ಎರಡೆರಡು ಸಲ ಕೇಳಿ ತಿಳಿದುಕೊಳ್ಳುತ್ತಾರೆ. ಊಟದ ವಿಷಯಕ್ಕೆ ಬಂದಾಗ ಮಾತ್ರ "ಪಥ್ಯ ಎಷ್ಟು ದಿನ ಮಾಡಬೇಕು?" ಎಂಬುದೊಂದೇ ಪ್ರಶ್ನೆ. ಅದರ ಹಿಂದಿನ ಕಷ್ಟ ನಮಗೆ ಅರ್ಥವಾಗುತ್ತದೆ. ಮನೆಯಲ್ಲಿ ಅಡುಗೆ ಮಾಡುವವರು ಹೆಚ್ಚಾಗಿ ಒಬ್ಬರೇ. ಎಲ್ಲರಿಗೂ ಒಂದು ಸಾರು, ರೋಗಿಗೆ ಇನ್ನೊಂದು ಸಪ್ಪೆ ಸಾರು ಎಂದು ಎರಡೆರಡು ಪಾತ್ರೆ ಇಟ್ಟು ಹತ್ತು-ಹದಿನೈದು ದಿನ ನಡೆಸಬಹುದು. ಆಮೇಲೆ ಕೈ ಸೋಲುತ್ತದೆ. ರೋಗಿಯೂ "ನನ್ನಿಂದ ನಿಮಗೆಲ್ಲ ಯಾಕೆ ತೊಂದರೆ" ಎಂದು ಎಲ್ಲರ ಪಾತ್ರೆಯಿಂದಲೇ ಬಡಿಸಿಕೊಳ್ಳುತ್ತಾರೆ. ಕಾಲು ಬಾತುಕೊಂಡು, ಇಲ್ಲವೇ ಸಕ್ಕರೆ ಅಂಶ ಏರಿ ಮತ್ತೆ ಹಾಸಿಗೆ ಹಿಡಿಯುವವರಲ್ಲಿ ಹಲವರ ಕಥೆ ಹೀಗೇ ಶುರುವಾಗುತ್ತದೆ.

ಆದ್ದರಿಂದ ಈ ಪಾಠದಲ್ಲಿ ರೋಗಿಗೆಂದೇ ಬೇರೆ ಅಡುಗೆ ಹೇಳುತ್ತಿಲ್ಲ. ಉಡುಪಿ, ಕಾಪು, ಕಾರ್ಕಳದ ಮನೆಗಳಲ್ಲಿ ದಿನವೂ ಆಗುವ ಅಡುಗೆಯನ್ನೇ ತೆಗೆದುಕೊಂಡಿದ್ದೇವೆ. ಉಡುಪಿ ಎಂದರೆ ಹೊರಗಿನವರಿಗೆ ಮಸಾಲೆ ದೋಸೆ ನೆನಪಾಗುತ್ತದೆ. ಮನೆಯ ಒಲೆಯ ಮೇಲಿರುವುದು ಗಂಜಿ, ತಂಬುಳಿ, ಹುಳಿ, ಗಸಿ. ಘಟ್ಟದ ಮೇಲಿನ ಜಿಲ್ಲೆಗಳಿಂದ ಚಿಕಿತ್ಸೆಗೆ ಬಂದು ಮಣಿಪಾಲದಲ್ಲಿ ಕೋಣೆ ಹಿಡಿದು, ಒಂದೇ ಸ್ಟವ್ವಿನಲ್ಲಿ ಅಡುಗೆ ಮಾಡಿಕೊಳ್ಳುವವರಿಗೂ ಇವು ಅನುಕೂಲ. ಸಾಮಾನು ಕಡಿಮೆ, ಸಮಯವೂ ಕಡಿಮೆ.

ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. ಯಾವ ಅಡುಗೆಯೇ ಆಗಲಿ, ಉಪ್ಪು ಹಾಕುವ ಮೊದಲು ರೋಗಿಯ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡಿ. ಉಳಿದದ್ದಕ್ಕೆ ನಿಮ್ಮ ರುಚಿಯಂತೆ ಉಪ್ಪು ಹಾಕಿ. ರೋಗಿಯ ಬಟ್ಟಲಿಗೆ ವೈದ್ಯರು ಹೇಳಿದಷ್ಟು ಮಾತ್ರ ಅಳೆದು ಹಾಕಿ, ಮೇಲೆ ನಿಂಬೆರಸ, ಕಾಳುಮೆಣಸು, ಇಂಗಿನ ಒಗ್ಗರಣೆಯಿಂದ ರುಚಿ ತುಂಬಿಸಿ. ಇಷ್ಟು ಮಾಡಿದರೆ ಎರಡನೆಯ ಪಾತ್ರೆ ಬೇಕಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಹೃದಯ, ಮೂತ್ರಪಿಂಡ, ರಕ್ತದೊತ್ತಡದ ತೊಂದರೆ ಇರುವವರಿಗೆ ಅದಕ್ಕಿಂತಲೂ ಕಡಿಮೆ ಹೇಳಿರಬಹುದು. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ ಉಪ್ಪು" ಒಳ್ಳೆಯದೆಂದು ನೀವಾಗಿಯೇ ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಮೂತ್ರಪಿಂಡದ ರೋಗಿಗಳಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಅದು ಅಪಾಯ ತರಬಲ್ಲದು.

ಗಂಜಿ

ಕರಾವಳಿಯಲ್ಲಿ ಜ್ವರ ಬಂದರೂ ಗಂಜಿ, ಬಾರದಿದ್ದರೂ ಗಂಜಿ. ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸಿ ಒಣಗಿಸಿ ಮಾಡುವುದರಿಂದ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳಲ್ಲಿ ಒಂದಷ್ಟು ಕಾಳಿನೊಳಕ್ಕೆ ಇಳಿದು ಉಳಿಯುತ್ತವೆ. ಒಂದು ಲೋಟ ಅಕ್ಕಿಯನ್ನು ತೊಳೆದು ಒಂದು ಗಂಟೆ ನೆನೆಸಿ, ಏಳೆಂಟು ಲೋಟ ನೀರಿನಲ್ಲಿ ಕಾಳು ಅರಳುವವರೆಗೆ ಬೇಯಿಸಿ. ಬೆಳ್ತಿಗೆ ಅಕ್ಕಿಗಿಂತ ಇದಕ್ಕೆ ಹೆಚ್ಚು ಹೊತ್ತು ಬೇಕು. ಅವಸರದಲ್ಲಿ ಅರೆಬೆಂದದ್ದನ್ನು ಇಳಿಸಿದರೆ ಹೊಟ್ಟೆಗೆ ಭಾರ. ಘಟ್ಟದ ಮೇಲಿನವರಿಗೆ ಮೊದಲೆರಡು ದಿನ ಈ ದಪ್ಪ ಕಾಳು ಒಗ್ಗದೆ ಇರಬಹುದು.

ಗಂಜಿಯಲ್ಲಿ ದೋಷವಿಲ್ಲ, ಅದರ ಪಕ್ಕದಲ್ಲಿ ಕೂರುವವರಲ್ಲಿದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು. "ನಾವು ಬರೇ ಗಂಜಿ ಕೊಟ್ಟದ್ದು" ಎನ್ನುವ ಮನೆಯವರು ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇವುಗಳ ಬದಲು ಹುರುಳಿ ಚಟ್ನಿ ಮಾಡಿ. ಎರಡು ದೊಡ್ಡ ಚಮಚ ಹುರುಳಿಯನ್ನು ಎಣ್ಣೆಯಿಲ್ಲದೆ ಕೆಂಪಗೆ ಹುರಿದು, ಒಂದು ಒಣಮೆಣಸು, ಸ್ವಲ್ಪ ತೆಂಗಿನ ತುರಿ, ಹುಣಸೆಹಣ್ಣಿನ ಚೂರು ಸೇರಿಸಿ ಗಟ್ಟಿಯಾಗಿ ಅರೆಯಿರಿ. ಹುಳಿ-ಖಾರ ಇರುವುದರಿಂದ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು ಒಂದು ಮಾತು ನೆನಪಿಡಿ. ಅಕ್ಕಿ ಹೆಚ್ಚು ಬೆಂದು ಕರಗಿದಷ್ಟೂ ರಕ್ತದ ಸಕ್ಕರೆ ಬೇಗ ಏರುತ್ತದೆ. ಗಂಜಿಯನ್ನು ಒಂದು ಬಟ್ಟಲಿಗೆ ಮಿತಿಗೊಳಿಸಿ, ಅದರ ಜೊತೆಗೆ ಅಷ್ಟೇ ದೊಡ್ಡ ಬಟ್ಟಲು ಹೆಸರುಕಾಳಿನ ಗಸಿಯನ್ನೋ ತರಕಾರಿ ಪಲ್ಯವನ್ನೋ ಇಟ್ಟುಕೊಳ್ಳಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ "ಹಸಿವಿಲ್ಲ" ಎಂದು ಊಟ ಬಿಡುವುದು ಇನ್ನೂ ಕೆಟ್ಟದ್ದು. ಬೆವರು, ಕೈ ನಡುಕ, ಗಾಬರಿ ಕಂಡರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ನಂತರ ಊಟ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

ತಂಬುಳಿ

ಬಾಯಿರುಚಿ ಕೆಟ್ಟವರಿಗೆ ಇದಕ್ಕಿಂತ ಒಳ್ಳೆಯ ಅಡುಗೆ ನಮಗೆ ತಿಳಿಯದು. ಒಂದು ಹಿಡಿ ಒಂದೆಲಗವನ್ನು (ತುಳುವಿನಲ್ಲಿ ತಿಮರೆ) ನಾಲ್ಕಾರು ನೀರಿನಲ್ಲಿ ತೊಳೆದು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ. ಎರಡು ಚಮಚ ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆದು, ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ. ಒಂದೆಲಗ ಸಿಗದಿದ್ದರೆ ಒಂದು ಚಮಚ ಮೆಂತ್ಯವನ್ನು ಕೆಂಪಗೆ ಹುರಿದು ಹೀಗೆಯೇ ಮಾಡಬಹುದು.

ಹಲವು ಮನೆಗಳಲ್ಲಿ ಎಲೆಯನ್ನು ಹಸಿಯಾಗಿಯೇ ಅರೆಯುತ್ತಾರೆ. ಆರೋಗ್ಯವಂತರಿಗೆ ಸರಿ. ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ಪಡೆಯುತ್ತಿರುವವರಿಗೆ, ಮೂತ್ರಪಿಂಡ ಕಸಿ ಆದವರಿಗೆ ಹಸಿ ಸೊಪ್ಪು ಬೇಡ. ಅವರ ದೇಹಕ್ಕೆ ಸೋಂಕನ್ನು ಎದುರಿಸುವ ಶಕ್ತಿ ಆಗ ಕಡಿಮೆ. ಅವರಿಗೆ ಸೊಪ್ಪನ್ನು ಪೂರ್ತಿ ಬೇಯಿಸಿ, ಕಾಯಿಸಿದ ಹಾಲಿನಿಂದ ಅಂದೇ ಮಾಡಿದ ಮಜ್ಜಿಗೆ ಬಳಸಿ, ತಂಬುಳಿಯನ್ನು ಮರುದಿನಕ್ಕೆ ಇಡಬೇಡಿ. ಬಾಯಿ ಹುಣ್ಣಾಗಿದ್ದರೆ ಮೆಣಸು ಬಿಡಿ.

ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಂಥ ಮಾತ್ರೆ ನುಂಗುವವರು ಬಸಳೆ, ಹರಿವೆಯಂಥ ಸೊಪ್ಪುಗಳನ್ನು ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ದಿನಾ ಬಸಳೆ, ಮರುವಾರ ಸೊಪ್ಪೇ ಇಲ್ಲ ಎಂದಾಗಬಾರದು, ಅಷ್ಟೇ. ಪ್ರತಿ ವಾರ ಸುಮಾರು ಒಂದೇ ಅಳತೆಯಿರಲಿ. ಸೊಪ್ಪಿನ ಕೆ ಜೀವಸತ್ವ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ.

ಗುಳ್ಳದ ಬೋಳು ಹುಳಿ

ಕಾಪು ಬಳಿಯ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಶ್ರೀ ವಾದಿರಾಜರು ಇದರ ಬೀಜ ಕೊಟ್ಟರೆಂಬ ಪ್ರತೀತಿ ಅಲ್ಲಿದೆ. ತಿಳಿಹಸಿರು ಬಣ್ಣದ, ತೆಳುಸಿಪ್ಪೆಯ ಈ ದುಂಡು ಬದನೆ ಬೇಗ ಬೇಯುತ್ತದೆ.

ತೆಂಗಿನಕಾಯಿ ಅರೆದು ಹಾಕದ ಹುಳಿಗೆ ಬೋಳು ಹುಳಿ ಎಂದು ಹೆಸರು. ಹೃದ್ರೋಗಿಗಳಿಗೆ ಕಾಯಿ ಕಡಿಮೆ ಮಾಡಿ ಎಂದಾಗ ಕರಾವಳಿಯವರು "ಹಾಗಾದರೆ ಅಡುಗೆ ಮಾಡುವುದು ಹೇಗೆ?" ಎಂದು ಕೇಳುತ್ತಾರೆ. ಉತ್ತರ ಅವರ ಅಜ್ಜಿಯ ಅಡುಗೆಯಲ್ಲೇ ಇದೆ. ಅರ್ಧ ಲೋಟ ತೊಗರಿಬೇಳೆಯನ್ನು ಮೆತ್ತಗೆ ಬೇಯಿಸಿ. ಎರಡು ಗುಳ್ಳಗಳನ್ನು ಹೋಳು ಮಾಡಿ ನೀರಿನಲ್ಲಿ ಹಾಕಿಡಿ, ಕಪ್ಪಾಗುವುದಿಲ್ಲ. ಹೋಳಿಗೆ ಸೀಳಿದ ಎರಡು ಹಸಿಮೆಣಸು, ಅರಿಸಿನ, ತೆಳ್ಳಗಿನ ಹುಣಸೆರಸ ಸೇರಿಸಿ ಬೇಯಿಸಿ, ಬೇಳೆ ಕೂಡಿಸಿ ಕುದಿಸಿ. ಇಲ್ಲಿ ರೋಗಿಯ ಪಾಲು ತೆಗೆಯಿರಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಗುಳ್ಳದ ಕಾಲ ಮುಗಿದಾಗ ಸೌತೆ, ಸೋರೆ, ಯಾವುದಾದರೂ ಆದೀತು.

ಮೂತ್ರಪಿಂಡದ ರೋಗಿಗಳಿಗೆ ಪೊಟ್ಯಾಶಿಯಂ ಕಡಿಮೆ ಮಾಡಲು ಹೇಳಿದ್ದರೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿ ಆಮೇಲೆ ಅಡುಗೆ ಮಾಡಿ. ಬೇಳೆಯ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಎಳನೀರು, ಹಲಸಿನ ಹಣ್ಣು, ಬಾಳೆಹಣ್ಣು ಅವರಿಗೆ ಬೇಡ. ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ತರುವುದು ಎಳನೀರನ್ನೇ, ಬೇಡವೆನ್ನಲು ದಾಕ್ಷಿಣ್ಯ ಪಡಬೇಡಿ.

ಅಂಗಳದಲ್ಲಿ ಬೆಳೆಯುವ ಎರಡು ಕಾಯಿಗಳ ವಿಷಯವನ್ನು ಇಲ್ಲಿಯೇ ಹೇಳಬೇಕು. ಒಂದು ಧಾರೆಹುಳಿ. ಮೂತ್ರಪಿಂಡ ದುರ್ಬಲವಾದವರಲ್ಲಿ ಇದು ಬಿಡದ ಬಿಕ್ಕಳಿಕೆ, ಗೊಂದಲ, ಸೆಳೆತ ಉಂಟುಮಾಡುತ್ತದೆ, ಜೀವಕ್ಕೂ ಅಪಾಯ. ಅವರು ಒಂದು ಹೋಳನ್ನೂ ತಿನ್ನಬಾರದು. ಇನ್ನೊಂದು ಬಿಂಬುಳಿ. ಕೊಬ್ಬು ಇಳಿಯುತ್ತದೆಂದು ನಂಬಿ ಇದರ ಹಸಿ ರಸವನ್ನು ಲೋಟಗಟ್ಟಲೆ ಕುಡಿಯುವವರಿದ್ದಾರೆ. ಹೀಗೆ ಕುಡಿದು, ಅದರ ಆಕ್ಸಲೇಟಿನಿಂದ ಮೂತ್ರಪಿಂಡಕ್ಕೆ ಏಟು ಬಿದ್ದ ಹತ್ತು ಜನರ ಪ್ರಕರಣಗಳನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಆರೋಗ್ಯವಂತರ ಚಟ್ನಿಗೆ ಒಂದೆರಡು ಕಾಯಿ ಬೇರೆ ಮಾತು. ಔಷಧಿ ಎಂದು ರಸ ಕುಡಿಯಬೇಡಿ.

ನುಂಗಲು ಸುಲಭವಾದ ರಾಗಿ ಮಣ್ಣಿ

ಗಂಟಲು ನೋವಿರುವವರಿಗೆ, ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ ರಾಗಿ ಮಣ್ಣಿ. ರಾತ್ರಿ ನೆನೆಸಿದ ಅರ್ಧ ಲೋಟ ರಾಗಿಯನ್ನು ಅರೆದು ಬಟ್ಟೆಯಲ್ಲಿ ಸೋಸಿ, ಬಂದ ಹಾಲಿಗೆ ಸ್ವಲ್ಪ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹೊಳಪು ಬಂದು ತಳ ಬಿಡುವಾಗ ಇಳಿಸಿ. ಪಕ್ಷವಾತದ ನಂತರ ನುಂಗಲು ಕಷ್ಟವಿರುವವರನ್ನು ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಡಿ. ಎಷ್ಟು ತೆಳುವಾಗಿರಬೇಕೆಂದು ಮೊದಲೇ ಕೇಳಿಕೊಳ್ಳಿ.

ಒಲೆಯ ಮೇಲೆಯೇ ಕೇಕು, ಬಿಸ್ಕತ್ತು

ಸಂಜೆ ಚಹಾದ ಹೊತ್ತಿಗೆ ಪಥ್ಯ ಮುರಿಯುವುದೇ ಹೆಚ್ಚು. ಬೇಕರಿಯ ತಿನಿಸುಗಳಲ್ಲಿ ಮೈದಾ, ಸಕ್ಕರೆಯ ಜೊತೆಗೆ ವನಸ್ಪತಿಯೂ ಇರಬಹುದು. ವನಸ್ಪತಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು ಎಂಬ ಕಾರಣಕ್ಕೇ ಸರಕಾರ 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಅದರ ಮಿತಿಯನ್ನು ಶೇಕಡಾ 2ಕ್ಕೆ ಇಳಿಸಿದೆ. ಮನೆಯಲ್ಲೇ ಮಾಡಿದರೆ ಏನು ಹಾಕಿದ್ದೇವೆಂದು ನಮಗೆ ಗೊತ್ತಿರುತ್ತದೆ. ಓವನ್ ಬೇಕೆಂದಿಲ್ಲ. ಕೊಂಕಣಿ ಮನೆಗಳಲ್ಲಿ ಸೌತೆಕಾಯಿಯ ತವಸಳಿಯನ್ನು ಹಿಂದೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು.

ತವಸಳಿಗೆ ಒಂದು ಲೋಟ ಇಡ್ಲಿ ರವೆಯನ್ನು ಬಿಸಿಯಾಗುವಷ್ಟು ಹುರಿದು ಆರಿಸಿ. ಒಂದು ಲೋಟ ತುರಿದ ಸೌತೆಕಾಯಿ (ರಸ ಹಿಂಡಬೇಡಿ), ಅರ್ಧ ಲೋಟ ಬೆಲ್ಲದ ಪುಡಿ, ಕಾಲು ಲೋಟ ತೆಂಗಿನ ತುರಿ, ಏಲಕ್ಕಿ ಸೇರಿಸಿ ಕಲಸಿ ಅರ್ಧ ಗಂಟೆ ಬಿಡಿ. ಗಟ್ಟಿಯೆನಿಸಿದರೆ ಸ್ವಲ್ಪ ನೀರು ಚಿಮುಕಿಸಿ. ಎಣ್ಣೆ ಸವರಿದ ತಟ್ಟೆಯಲ್ಲಿ ಹರಡಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ. ಮೊಟ್ಟೆ ಇಲ್ಲ, ಸೋಡಾ ಇಲ್ಲ, ಎಣ್ಣೆಯೂ ಸವರಿದಷ್ಟೇ. ಕಾರ್ಕಳದ ಕಡೆ ಹಲಸಿನ ಕಾಲದಲ್ಲಿ ಹಣ್ಣಿನ ಗಟ್ಟಿಯನ್ನು ಸಾಗುವಾನಿ ಎಲೆಯಲ್ಲಿ ಹೀಗೆಯೇ ಹಬೆಯಲ್ಲಿ ಬೇಯಿಸುತ್ತಾರೆ.

ರಾಗಿ ಬಿಸ್ಕತ್ತಿಗೆ ಒಂದು ಲೋಟ ರಾಗಿ ಹಿಟ್ಟನ್ನು ಪರಿಮಳ ಬರುವವರೆಗೆ ಹುರಿದು ಆರಿಸಿ, ಅರ್ಧ ಲೋಟ ಗೋಧಿ ಹಿಟ್ಟು, ಅರ್ಧ ಲೋಟ ಬೆಲ್ಲದ ಪುಡಿ, ಆರು ದೊಡ್ಡ ಚಮಚ ತುಪ್ಪ ಸೇರಿಸಿ ಉಜ್ಜಿ. ಚಮಚ ಚಮಚವಾಗಿ ಹಾಲು ಹಾಕಿ ಉಂಡೆ ಕಟ್ಟಿ ತಟ್ಟಿ. ದಪ್ಪ ಬಾಣಲೆಯಲ್ಲಿ ಒಂದು ಅಂಗುಲ ಮರಳು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು ಮುಚ್ಚಿ ಹತ್ತು ನಿಮಿಷ ಕಾಯಿಸಿ. ಬಿಸ್ಕತ್ತಿನ ತಟ್ಟೆ ಒಳಗಿಟ್ಟು ಸಣ್ಣ ಉರಿಯಲ್ಲಿ 20-25 ನಿಮಿಷ ಬೇಯಿಸಿ. ಬಿಸಿಯಿರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ. ಹಳೆಯ ಕುಕ್ಕರನ್ನು ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆಯಲೇಬೇಕು. ಚಿಕ್ಕ ಕೋಣೆಯಲ್ಲಿ ಮಾಡುವವರು ಕಿಟಕಿ ತೆರೆದಿಡಿ.

ಹೋಟೆಲಿನ ಬನ್ಸ್ ಪರಿಮಳಕ್ಕೆ ಮನಸ್ಸು ಹೋಗುವವರು ಕಳಿತ ಒಂದು ಬಾಳೆಹಣ್ಣನ್ನು ಕಿವುಚಿ ಎರಡು ಚಮಚ ಮೊಸರು, ಜೀರಿಗೆ, ಹಿಡಿಯುವಷ್ಟು ಗೋಧಿ ಹಿಟ್ಟು ಹಾಕಿ ಕಲಸಿ. ಎರಡು ಗಂಟೆ ಬಿಟ್ಟು, ದಪ್ಪ ರೊಟ್ಟಿ ಲಟ್ಟಿಸಿ ಕಾವಲಿಯ ಮೇಲೆ ಮುಚ್ಚಿ ಬೇಯಿಸಿ. ಬನ್ಸಿನಂತೆ ಉಬ್ಬುವುದಿಲ್ಲ ಎಂದು ಒಪ್ಪುತ್ತೇವೆ, ರುಚಿ ಅದರದ್ದೇ.

"ಬೆಲ್ಲ ಹಾಕಿದ್ದು, ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲ" ಎಂದು ಯಾರೂ ತಿಳಿಯಬಾರದು. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಅವರಿಗೆ ಒಂದು ಸಣ್ಣ ಬಿಸ್ಕತ್ತು, ಅದೂ ಆ ಹೊತ್ತಿನ ಅವಲಕ್ಕಿಯನ್ನೋ ದೋಸೆಯನ್ನೋ ಬಿಟ್ಟು. ರಕ್ತಹೀನತೆ ಇರುವವರು ಊಟದ ಜೊತೆಗೆ ಚಹಾ ಕುಡಿಯದೆ ಒಂದು ಗಂಟೆ ತಡೆಯಿರಿ. ಚಹಾ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ, ಊಟದಲ್ಲಿ ನಿಂಬೆರಸ ಇದ್ದರೆ ಹತ್ತುತ್ತದೆ.

ಮುಂದಿನ ತಪಾಸಣೆಗೆ ಬರುವಾಗ ಹಿಂದಿನ ಮೂರು ದಿನ ರೋಗಿ ಉಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತನ್ನಿ. ಉಪ್ಪಿನಕಾಯಿಯನ್ನೂ ಬರೆಯಿರಿ.